ಸ್ನ್ಯಾಪ್‌ಡ್ರಾಗನ್ ಲ್ಯಾಪ್‌ಟಾಪ್ ಕೊಡಗಿನ ತೋಟ, ಮಳಿಗೆ, ಹೋಂಸ್ಟೇಗಳಿಗೆ ಒಗ್ಗುತ್ತದೆಯೇ? ಪ್ರಿಂಟರ್, ತಕ್ಕಡಿ, ಟೋಕನ್ ಸಮೇತ ಒಂದು ವಿಮರ್ಶೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್ ಬದಲಿಸಲು ಹೊರಟವರಿಗೆ ಈಗ ಎರಡು ಜಾತಿಯ ಲ್ಯಾಪ್‌ಟಾಪ್ ಸಿಗುತ್ತವೆ. ಒಂದು, ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನದು. ಇನ್ನೊಂದು, ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರಾಗನ್ ಎಕ್ಸ್ ಸರಣಿಯದು. 2024ರ ಜೂನ್ 18ರಿಂದ ಮಾರುಕಟ್ಟೆಯಲ್ಲಿದೆ. ಪರದೆಯ ಮೇಲೆ ಎರಡರಲ್ಲೂ ಅದೇ ವಿಂಡೋಸ್ 11, ಅದೇ ಸ್ಟಾರ್ಟ್ ಮೆನು. ಒಳಗಿನ ಚಿಪ್ಪು ಮಾತ್ರ ಬೇರೆ. ಸ್ನ್ಯಾಪ್‌ಡ್ರಾಗನ್‌ನದು ಮೊಬೈಲ್ ಫೋನುಗಳಲ್ಲಿರುವ ಆರ್ಮ್ ಜಾತಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹೋಂಸ್ಟೇ ನಡೆಸುವವರಿಗೆ, ತೋಟದ ಮಾಲೀಕರ ಸ್ವಂತ ಕೆಲಸಕ್ಕೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಒಳ್ಳೆಯ ಯಂತ್ರ. ಕಾಫಿ, ಕರಿಮೆಣಸು ಖರೀದಿಸುವ ಮಳಿಗೆಯವರು ಕೇಬಲ್ ನೋಡಿಕೊಂಡು ತೆಗೆದುಕೊಳ್ಳಬಹುದು. ಗ್ರಾಮ ಒನ್ ಕೇಂದ್ರಕ್ಕೆ ಮತ್ತು ದಿನವಿಡೀ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಚುಚ್ಚುವ ತೆರಿಗೆ ಸಲಹೆಗಾರರ ಆಫೀಸಿಗೆ ಸದ್ಯಕ್ಕೆ ಬೇಡ. ನಿಮ್ಮ ಹತ್ತಿರ ಯಾವ ಸಾಫ್ಟ್‌ವೇರ್ ಇದೆ ಎನ್ನುವುದಕ್ಕಿಂತ ಯುಎಸ್‌ಬಿಗೆ ಏನನ್ನು ಚುಚ್ಚುತ್ತೀರಿ ಎನ್ನುವುದೇ ಇಲ್ಲಿ ಮುಖ್ಯ.

ಕಾರಣ ಇದು. ಇಂಟೆಲ್‌ಗೆಂದು ಬರೆದ ಪ್ರೋಗ್ರಾಮನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿರುವ ಪ್ರಿಸಮ್ ಎಂಬ ಎಮ್ಯುಲೇಟರ್ ಓಡುವಾಗಲೇ ಆರ್ಮ್‌ಗೆ ತರ್ಜುಮೆ ಮಾಡಿಕೊಡುತ್ತದೆ. 32 ಬಿಟ್, 64 ಬಿಟ್ ಎರಡೂ ನಡೆಯುತ್ತವೆ. ತರ್ಜುಮೆಯಾದ ಭಾಗಗಳನ್ನು ಅದು ಎತ್ತಿಟ್ಟುಕೊಳ್ಳುವುದರಿಂದ ಮೊದಲ ಸಲ ತೆರೆಯಲು ತಡವಾಗುವ ಪ್ರೋಗ್ರಾಮು ಎರಡನೇ ಸಲ ಬೇಗ ತೆರೆದುಕೊಳ್ಳುತ್ತದೆ. ಆದರೆ ಡ್ರೈವರ್, ಅಂದರೆ ಪ್ರಿಂಟರಿನಂಥ ಸಾಧನವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ, ಕೆಲಸ ಮಾಡುವುದು ವಿಂಡೋಸಿನ ಗರ್ಭಗುಡಿಯಲ್ಲಿ, ಅಂದರೆ ಕರ್ನಲ್‌ನಲ್ಲಿ. ಅಲ್ಲಿಗೆ ಪ್ರಿಸಮ್‌ಗೆ ಪ್ರವೇಶವಿಲ್ಲ. ಅಲ್ಲಿ ಕೂರುವ ಡ್ರೈವರ್ ಆರ್ಮ್64ಗೆಂದೇ ತಯಾರಾಗಿರಬೇಕು. ಸೆಟಪ್ ಫೈಲ್ ಸರಾಗವಾಗಿ ಓಡಿ ‘ಮುಗಿಯಿತು’ ಎಂದು ಹೇಳಿದರೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಉಳಿದುಕೊಳ್ಳುವುದು ಇದಕ್ಕೇ: ಸೆಟಪ್ ಒಂದು ಪ್ರೋಗ್ರಾಮು, ಆದ್ದರಿಂದ ಓಡಿತು, ಒಳಗಿದ್ದ ಡ್ರೈವರ್ ಕೂರಲಿಲ್ಲ.

ಒಂದು ಡ್ರೈವರ್ ಇದಕ್ಕೆ ಆಗುತ್ತದೋ ಇಲ್ಲವೋ ಎಂದು ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ, ಈಗಿರುವ ಹಳೇ ಕಂಪ್ಯೂಟರಿನಲ್ಲೇ ಪತ್ತೆ ಮಾಡಬಹುದು. ಡ್ರೈವರ್ ಪ್ಯಾಕೇಜನ್ನು ಬಿಚ್ಚಿ, ಅದರಲ್ಲಿರುವ ಐಎನ್‌ಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೇಲ್ಭಾಗದಲ್ಲಿ ಮ್ಯಾನುಫ್ಯಾಕ್ಚರರ್ ಎಂಬ ವಿಭಾಗ ಇರುತ್ತದೆ. ಆ ಸಾಲಿನಲ್ಲಿ ‘ಎನ್‌ಟಿಆರ್ಮ್64’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇದ್ದರೆ ಆಗುತ್ತದೆ. ‘ಎನ್‌ಟಿಎಎಂಡಿ64’ ಒಂದೇ ಇದ್ದರೆ ಅದು ಇಂಟೆಲ್, ಎಎಂಡಿ ಯಂತ್ರಗಳಿಗೆ ಮಾತ್ರ. ಹೆಸರಿನಲ್ಲಿ ಎಎಂಡಿ ಇದ್ದರೂ ಇಂಟೆಲ್‌ಗೂ ಅದೇ ಗುರುತು, ಗೊಂದಲ ಬೇಡ.

ಈಗ ಪ್ರಿಂಟರ್. ಹೆಚ್ಚು ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಕಡೆ ಆಫೀಸುಗಳಲ್ಲಿ ವರ್ಷಗಟ್ಟಲೆ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020 ಗಟ್ಟಿಮುಟ್ಟಾದ ಪ್ರಿಂಟರ್‌ಗಳು. ಆದರೆ ಇವುಗಳ ತಲೆ ಇರುವುದು ಕಂಪ್ಯೂಟರಿನಲ್ಲಿ. ಪುಟವನ್ನು ಚುಕ್ಕಿಗಳಾಗಿ ಬಿಡಿಸುವ ಕೆಲಸವನ್ನು ಡ್ರೈವರೇ ಮಾಡಿ, ಕಂಪನಿಯ ಸ್ವಂತ ಭಾಷೆಯಲ್ಲಿ ಪ್ರಿಂಟರ್‌ಗೆ ಕಳಿಸುತ್ತದೆ. ಕ್ಯಾನನ್‌ನಲ್ಲಿ ಆ ಭಾಷೆಗೆ ಕ್ಯಾಪ್ಟ್ ಎಂದು ಹೆಸರು. ಎಚ್‌ಪಿ 1020ಕ್ಕಂತೂ ಪ್ರತಿ ಸಲ ಆನ್ ಮಾಡಿದಾಗಲೂ ಅದರ ಫರ್ಮ್‌ವೇರನ್ನು ಕಂಪ್ಯೂಟರೇ ತುಂಬಬೇಕು. ಇವೆರಡರ 64 ಬಿಟ್ ಡ್ರೈವರ್‌ಗಳು ಇಂಟೆಲ್ ಜಾತಿಯವು, ಸ್ನ್ಯಾಪ್‌ಡ್ರಾಗನ್‌ನಲ್ಲಿ ಕೂರುವುದಿಲ್ಲ. ಸಾಮಾನ್ಯ ಡ್ರೈವರ್ ಯಾವುದನ್ನಾದರೂ ಹಾಕಿ ನೋಡೋಣ ಎಂದರೆ ಪ್ರಿಂಟರ್‌ಗೆ ಆ ಭಾಷೆ ತಿಳಿಯದು.

ಆಗ ಎಲ್ಲರಿಗೂ ಹೊಳೆಯುವ ಉಪಾಯ, ಪ್ರಿಂಟರನ್ನು ಹಳೇ ಕಂಪ್ಯೂಟರಿಗೇ ಬಿಟ್ಟು ನೆಟ್‌ವರ್ಕಿನಲ್ಲಿ ಶೇರ್ ಮಾಡುವುದು. ಇದೂ ಆಗುವುದಿಲ್ಲ. ವಿಂಡೋಸ್ ಶೇರಿಂಗ್‌ನಲ್ಲಿ, ಪ್ರಿಂಟ್ ಕೊಡುವ ಯಂತ್ರದಲ್ಲೂ ಅದೇ ಪ್ರಿಂಟರಿನ ಡ್ರೈವರ್ ಬೇಕು. ಹೊಸ ಲ್ಯಾಪ್‌ಟಾಪ್ ಶೇರ್ ಆದ ಪ್ರಿಂಟರನ್ನು ಕಾಣುತ್ತದೆ, ಡ್ರೈವರ್ ಕೇಳುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆಂದು ಲ್ಯಾನ್ ಕೇಬಲ್ ಎಳೆಸಲು ದುಡ್ಡು ಹಾಕಬೇಡಿ.

ಕೆಲಸಕ್ಕೆ ಬರುವ ದಾರಿ ಮೂರಿವೆ. ಸುಲಭದ್ದೆಂದರೆ ಹಳೇ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಹೊಸ ಲ್ಯಾಪ್‌ಟಾಪಿನಿಂದ ಬಿಲ್ಲನ್ನು ಪಿಡಿಎಫ್ ಮಾಡಿ ಅದಕ್ಕೆ ಹಾಕಿ, ಅಲ್ಲಿಂದ ಪ್ರಿಂಟ್ ತೆಗೆಯುವುದು. ದಿನಕ್ಕೆ ನಾಲ್ಕಾರು ಪುಟದವರಿಗೆ ಇಷ್ಟೇ ಸಾಕು. ಎರಡನೆಯದು, ರಾಸ್ಪ್‌ಬೆರಿ ಪೈನಂಥ ಪುಟ್ಟ ಲಿನಕ್ಸ್ ಪೆಟ್ಟಿಗೆಯಲ್ಲಿ ಕಪ್ಸ್ ಎಂಬ ಪ್ರಿಂಟಿಂಗ್ ತಂತ್ರಾಂಶ ಹಾಕಿ, ಪ್ರಿಂಟರನ್ನು ಐಪಿಪಿ (ಎಲ್ಲ ಕಂಪನಿಗೂ ಸಾಮಾನ್ಯವಾದ ನೆಟ್‌ವರ್ಕ್ ಪ್ರಿಂಟಿಂಗ್ ಭಾಷೆ) ಪ್ರಿಂಟರಾಗಿ ತೋರಿಸುವುದು. ಆಗ ಲ್ಯಾಪ್‌ಟಾಪಿಗೆ ಕಂಪನಿಯ ಡ್ರೈವರ್ ಬೇಕಾಗುವುದಿಲ್ಲ, ವಿಂಡೋಸಿನಲ್ಲೇ ಇರುವ ಐಪಿಪಿ ಕ್ಲಾಸ್ ಡ್ರೈವರ್ ಸಾಕು. ಎಚ್‌ಪಿ 1020ಕ್ಕೆ ಲಿನಕ್ಸಿನಲ್ಲಿ ಫೂ2ಜೆಡ್‌ಜೆಎಸ್ ಎಂಬ ಮುಕ್ತ ಡ್ರೈವರ್ ಇದೆ. ಫರ್ಮ್‌ವೇರ್ ಫೈಲನ್ನೂ ಜೊತೆಗೆ ಇಳಿಸಿಕೊಳ್ಳಬೇಕು. ಎಲ್‌ಬಿಪಿ 2900ಕ್ಕೆ ಇದೇ ದಾರಿ ಹಿಡಿದರೆ ತಿಣುಕಾಟ ಜಾಸ್ತಿ, ಲಿನಕ್ಸ್ ಬಲ್ಲವರು ಹತ್ತಿರ ಇಲ್ಲದಿದ್ದರೆ ಕೈ ಹಾಕಬೇಡಿ. ಮೂರನೆಯದು ಹೊಸ ಪ್ರಿಂಟರ್. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಮೋಪ್ರಿಯಾ ಅಥವಾ ಏರ್‌ಪ್ರಿಂಟ್ ಗುರುತು ಇದೆಯೇ ನೋಡಿ. ಬರೀ ‘ವೈಫೈ ಇದೆ’ ಎಂದರೆ ಸಾಲದು. ತನ್ನದೇ ಆ್ಯಪ್ ಮೂಲಕ ಮಾತ್ರ ಪ್ರಿಂಟ್ ಕೊಡುವ ವೈಫೈ ಪ್ರಿಂಟರ್‌ಗಳೂ ಇವೆ. ಡ್ರೈವರ್ ಬೇಡದ ಪ್ರಿಂಟರ್ ಕಡೆಗೇ ವಿಂಡೋಸ್ ಹೊರಟಿದೆ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕೊನೆಗೊಳಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ಹಾಗಾಗಿ ಇಂಟೆಲ್ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಈ ಸಲಹೆ ಅನ್ವಯಿಸುತ್ತದೆ.

ಮಳಿಗೆಗಳ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕತೆ ಇದಕ್ಕಿಂತ ವಾಸಿ. ಟಿವಿಎಸ್ ಎಂಎಸ್‌ಪಿ 250, ಎಪ್ಸನ್ ಎಲ್‌ಎಕ್ಸ್ 310ರಂಥವು ಬರೀ ಅಕ್ಷರ ಕಳಿಸಿದರೂ ತಾವೇ ಅಚ್ಚು ಹಾಕುತ್ತವೆ. ಯುಎಸ್‌ಬಿ ಕೇಬಲ್ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ಗೆ ಹೋಗಿ, ಆ್ಯಡ್ ಡಿವೈಸ್ ಒತ್ತಿ, ಸ್ವಲ್ಪ ಹೊತ್ತಿಗೆ ಕಾಣಿಸುವ ಆ್ಯಡ್ ಮ್ಯಾನ್ಯುಯಲಿ ಆರಿಸಿ. ಲೋಕಲ್ ಪ್ರಿಂಟರ್ ಎಂದು ಕೊಟ್ಟು, ಪೋರ್ಟ್ ಯುಎಸ್‌ಬಿ001, ತಯಾರಕರ ಪಟ್ಟಿಯಲ್ಲಿ ಜೆನೆರಿಕ್, ಮಾದರಿ ಜೆನೆರಿಕ್ ಟೆಕ್ಸ್ಟ್ ಓನ್ಲಿ. ಟ್ಯಾಲಿಯಲ್ಲಿ ಪ್ರಿಂಟ್ ಕೊಡುವಾಗ ಡಾಟ್ ಮ್ಯಾಟ್ರಿಕ್ಸ್ ಫಾರ್ಮ್ಯಾಟ್ ಆರಿಸಿಕೊಳ್ಳಬೇಕು. ಈ ದಾರಿಯಲ್ಲಿ ಕನ್ನಡ ಅಕ್ಷರ ಮತ್ತು ಲೋಗೊ ಮೂಡುವುದಿಲ್ಲ, ಇಂಗ್ಲಿಷ್ ಬಿಲ್ಲಿಗೆ ಮಾತ್ರ. ಸೆಟ್ಟಿಂಗ್ಸ್‌ನ ಅದೇ ಪುಟದಲ್ಲಿ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಬೇಡಿ. ಮಾಡಿದರೆ ಐಪಿಪಿ ಅಲ್ಲದ ಪ್ರಿಂಟರ್‌ಗಳೆಲ್ಲ ಕಾಣೆಯಾಗುತ್ತವೆ.

ತೂಕದ ಯಂತ್ರ. ಕಾಫಿಯನ್ನು 50 ಕಿಲೋ ಚೀಲದ ಲೆಕ್ಕದಲ್ಲಿ, ಓಟಿ (ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದಾಗ ಸಿಗುವ ಬೀಜದ ಪ್ರಮಾಣ) ನೋಡಿ ಕೊಳ್ಳುವ ಮಳಿಗೆಯಲ್ಲಿ ತಕ್ಕಡಿಯ ಅಂಕಿ ನೇರ ಬಿಲ್ಲಿಗೆ ಬರುವುದು ಆರ್‌ಎಸ್232 ಸೀರಿಯಲ್ ಕೇಬಲ್ ಮೂಲಕ. ಹೊಸ ಲ್ಯಾಪ್‌ಟಾಪಿಗೆ ಆ ಪೋರ್ಟ್ ಇಲ್ಲ, ಯುಎಸ್‌ಬಿ ಕನ್ವರ್ಟರ್ ಬೇಕು. ಕನ್ವರ್ಟರಿನ ಹೊರಗಿನ ಬ್ರ್ಯಾಂಡ್ ನೋಡಿ ಲಾಭವಿಲ್ಲ, ಒಳಗಿನ ಚಿಪ್ ಕೇಳಬೇಕು. ಎಫ್‌ಟಿಡಿಐ ಚಿಪ್ಪಿಗೆ, ಸಿಲಿಕಾನ್ ಲ್ಯಾಬ್ಸ್‌ನ ಸಿಪಿ210ಎಕ್ಸ್‌ಗೆ, ಸಿಎಚ್340ಕ್ಕೆ ಆರ್ಮ್64 ಡ್ರೈವರ್ ಇದೆ. ಅಪಾಯವಿರುವುದು ಹಳೇ ಪ್ರೊಲಿಫಿಕ್ ಪಿಎಲ್2303 ಚಿಪ್ಪಿನ ಅಗ್ಗದ ಕೇಬಲಿನಲ್ಲಿ. ವಿಂಡೋಸ್ 11ರಲ್ಲಿ ಅದನ್ನು ಚುಚ್ಚಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘2012ರಿಂದ ಈ ಚಿಪ್ ನಿಂತಿದೆ, ಮಾರಿದವರನ್ನು ಕೇಳಿ’ ಎಂಬರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅದು ಇಂಟೆಲ್ ಯಂತ್ರದಲ್ಲೂ ಬರುತ್ತದೆ, ಸ್ನ್ಯಾಪ್‌ಡ್ರಾಗನ್ ಮೇಲೆ ತಪ್ಪು ಹೊರಿಸಬೇಕಿಲ್ಲ.

ಡ್ರೈವರ್ ಕೂತ ಮೇಲೆ, ಡಿವೈಸ್ ಮ್ಯಾನೇಜರ್‌ನ ಪೋರ್ಟ್ಸ್ ವಿಭಾಗದಲ್ಲಿ ಆ ಪೋರ್ಟಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಕಾಮ್ ಸಂಖ್ಯೆಯನ್ನು 10ಕ್ಕಿಂತ ಕೆಳಗೆ ಇಡಿ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಎರಡಂಕಿಯ ಪೋರ್ಟನ್ನು ತೆರೆಯುವುದಿಲ್ಲ. ಬಿಲ್ಲಿಂಗ್ ಪ್ರೋಗ್ರಾಮು 32 ಬಿಟ್ಟಿನದಾದರೂ ಪರವಾಗಿಲ್ಲ, ಪ್ರಿಸಮ್ ಅದನ್ನು ಓಡಿಸುತ್ತದೆ, ಪೋರ್ಟ್ ತೆರೆಯಲು ಬಿಡುತ್ತದೆ. ಪೋರ್ಟಿನ ವೇಗ (ಬಾಡ್ ರೇಟ್) ತಕ್ಕಡಿಯ ಇಂಡಿಕೇಟರಿನಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು. ಸಾಮಾನ್ಯವಾಗಿ 2400 ಅಥವಾ 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಅಂಕಿಯ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ವೇಗ ಹೊಂದಿಲ್ಲ ಎಂದರ್ಥ. ಏನೂ ಬರದಿದ್ದರೆ ಕೇಬಲಿನ 2 ಮತ್ತು 3ನೇ ಪಿನ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು, ನಲ್ ಮೋಡೆಮ್ ಅಡಾಪ್ಟರ್ ಹಾಕಿ ನೋಡಿ.

ಡಿಎಸ್‌ಸಿ ಟೋಕನ್ ವಿಷಯದಲ್ಲಿ ಎರಡು ಗೋಡೆಗಳಿವೆ. ಮೊದಲನೆಯದು ಯುಎಸ್‌ಬಿ ಡ್ರೈವರ್. ಟೋಕನ್ ಸಿಸಿಐಡಿ (ಯುಎಸ್‌ಬಿ ಸ್ಮಾರ್ಟ್ ಕಾರ್ಡ್‌ಗಳ ಸಾಮಾನ್ಯ ಮಾನದಂಡ) ಜಾತಿಯ ಸ್ಮಾರ್ಟ್ ಕಾರ್ಡ್ ಆಗಿದ್ದರೆ ವಿಂಡೋಸಿನ ಸ್ವಂತ ಡ್ರೈವರ್ ಸಾಕು, ಈ ಗೋಡೆ ದಾಟಿದಂತೆ. ಎರಡನೆಯದು ಟೋಕನ್ನಿನ ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಮಿನೊಳಗೆ ಸೇರಿ ಕೆಲಸ ಮಾಡುವ ಫೈಲ್. ಅದು ಯಾವ ಪ್ರೋಗ್ರಾಮಿನೊಳಗೆ ಸೇರಬೇಕೋ ಆ ಪ್ರೋಗ್ರಾಮಿನ ಜಾತಿಯೇ ಅದರದೂ ಆಗಿರಬೇಕು. ಆರ್ಮ್64 ಬ್ರೌಸರಿನೊಳಗೆ ಇಂಟೆಲ್ ಜಾತಿಯ ಡಿಎಲ್‌ಎಲ್ ಸೇರುವುದಿಲ್ಲ. ಹಾಗಾಗಿ ಟೋಕನ್ನಿನ ಸ್ವಂತ ಮ್ಯಾನೇಜರ್‌ನಲ್ಲಿ ಸರ್ಟಿಫಿಕೇಟ್ ಚೆನ್ನಾಗಿ ಕಾಣುತ್ತದೆ, ಪೋರ್ಟಲಿನಲ್ಲಿ ಸಹಿ ಹಾಕುವ ಹೊತ್ತಿಗೆ ಪಟ್ಟಿ ಖಾಲಿ ಬರುತ್ತದೆ. ಜಿಎಸ್‌ಟಿ ರಿಟರ್ನಿನ ಕೊನೇ ದಿನ ಸಂಜೆ ಹೀಗಾದರೆ ಏನು ಗತಿ? ಮಾಲೀಕರೊಬ್ಬರೇ ಇರುವ ಅಥವಾ ಪಾಲುದಾರಿಕೆಯ ವ್ಯವಹಾರವಾದರೆ ಒಟಿಪಿ ಮೂಲಕ ಇವಿಸಿ (ಎಲೆಕ್ಟ್ರಾನಿಕ್ ದೃಢೀಕರಣ) ಮಾಡಬಹುದು, ಟೋಕನ್ನಿನ ಹಂಗಿಲ್ಲ. ಕಂಪನಿ, ಎಲ್‌ಎಲ್‌ಪಿಗಳಿಗೆ ಡಿಎಸ್‌ಸಿ ಕಡ್ಡಾಯ. ಆ ಕೆಲಸಕ್ಕೆ ಒಂದು ಇಂಟೆಲ್ ಯಂತ್ರ ಆಫೀಸಿನಲ್ಲಿ ಇರಲೇಬೇಕು.

ಗ್ರಾಮ ಒನ್ ಕೇಂದ್ರದ ಆಧಾರ್ ಬೆರಳಚ್ಚು ಯಂತ್ರಕ್ಕೆ ಡ್ರೈವರ್ ಜೊತೆ ಆರ್‌ಡಿ ಸರ್ವಿಸ್ ಎಂಬ ಹಿನ್ನೆಲೆ ತಂತ್ರಾಂಶ ಕೂಡ ಸದಾ ಓಡುತ್ತಿರಬೇಕು, ಎರಡರಲ್ಲಿ ಒಂದು ಕೈಕೊಟ್ಟರೂ ಜನ ಸಾಲಿನಲ್ಲಿ ಕಾಯಬೇಕಾಗುತ್ತದೆ. ದೂರದ ಊರಿನಿಂದ ಬಸ್ಸು ಹಿಡಿದು ಬಂದವರನ್ನು ನಾಳೆ ಬನ್ನಿ ಎಂದು ವಾಪಸ್ ಕಳಿಸುವಂಥ ಕೌಂಟರಿನಲ್ಲಿ ಹೊಸ ಜಾತಿಯ ಯಂತ್ರವನ್ನು ಪರೀಕ್ಷೆಗೆ ಇಡುವುದು ಸರಿಯಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಕೆ ಬೇಡ, ಆದರೆ ಒಂದೆರಡು ಸೂಕ್ಷ್ಮ ಇದೆ. ಫಾಂಟುಗಳು ಬರೀ ದತ್ತಾಂಶ, ಚಿಪ್ಪಿನ ಜಾತಿ ಅವಕ್ಕೆ ಲೆಕ್ಕಕ್ಕಿಲ್ಲ. ನುಡಿಯ ಹಳೇ ಫಾಂಟುಗಳಲ್ಲಿರುವ ಪತ್ರಗಳು ಹಾಗೇ ತೆರೆಯುತ್ತವೆ. ತುಂಗಾ ಫಾಂಟ್ ಬೇಕಾದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ. ಆದರೆ ಕೀಲಿಮಣೆಯ ತಂತ್ರಾಂಶ ಬೇರೆ ಪ್ರೋಗ್ರಾಮುಗಳೊಳಗೆ ತನ್ನ ಡಿಎಲ್‌ಎಲ್ ತೂರಿಸಿ ಕೀಲಿ ಹಿಡಿಯುವಂಥದ್ದಾದರೆ, ಟೋಕನ್ನಿಗೆ ಹೇಳಿದ ನಿಯಮವೇ ಇಲ್ಲೂ ನಡೆಯುತ್ತದೆ: ಹಳೇ ಪ್ರೋಗ್ರಾಮಿನಲ್ಲಿ ಕನ್ನಡ ಮೂಡುತ್ತದೆ, ಆರ್ಮ್64 ನೋಟ್‌ಪ್ಯಾಡಿನಲ್ಲಿ ಇಂಗ್ಲಿಷೇ ಬರುತ್ತದೆ. ತಂತ್ರಾಂಶದ ಸ್ವಂತ ಎಡಿಟರಿನೊಳಗೆ ಈ ತೊಡಕಿಲ್ಲ. ಮೈಕ್ರೋಸಾಫ್ಟಿನ ಕೀಬೋರ್ಡ್ ಲೇಔಟ್ ಕ್ರಿಯೇಟರ್ ಬಳಸಿ ಯಾರೋ ಮಾಡಿಕೊಟ್ಟ ಕಗಪ ವಿನ್ಯಾಸ ಬಳಸುತ್ತಿದ್ದರೆ ಅದನ್ನು ಮರೆತುಬಿಡಿ, ಆ ಸಾಧನ ಆರ್ಮ್64 ಫೈಲ್ ತಯಾರಿಸುವುದೇ ಇಲ್ಲ. ವಿಂಡೋಸಿನಲ್ಲೇ ಇರುವ ಇನ್‌ಸ್ಕ್ರಿಪ್ಟ್ ಮತ್ತು 2019ರಿಂದ ಸೇರಿರುವ ಕನ್ನಡ ಫೋನೆಟಿಕ್ ಎರಡೂ ಈ ಯಂತ್ರದಲ್ಲಿ ನಡೆಯುತ್ತವೆ. ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ, ಕೀಬೋರ್ಡ್ ಆರಿಸಿ, ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಬದಲಿಸಿಕೊಳ್ಳಿ.

ತೋಟದ ರೈಟರು ಚೆಕ್‌ರೋಲ್ (ಕೆಲಸಗಾರರ ಹಾಜರಿ, ಕೂಲಿಯ ಪಟ್ಟಿ) ಬರೆಯಲು ಇನ್ನೂ ಡಾಸ್ ಕಾಲದ ಫಾಕ್ಸ್‌ಪ್ರೋ ಪ್ರೋಗ್ರಾಮು ಬಳಸುತ್ತಿದ್ದರೆ, ಅದು 16 ಬಿಟ್ಟಿನದು. ಯಾವ 64 ಬಿಟ್ ವಿಂಡೋಸಿನಲ್ಲೂ ನೇರವಾಗಿ ಓಡುವುದಿಲ್ಲ, ಮತ್ತು ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಇಂಟೆಲ್ ಕೊಂಡರೂ ಹಳೇ ಡಾಸ್ ಪ್ರೋಗ್ರಾಮು ಓಡಿಸುವ ಡಾಸ್‌ಬಾಕ್ಸ್‌ನಂಥದ್ದನ್ನು ಹಾಕಲೇಬೇಕು. ವಿಷುವಲ್ ಫಾಕ್ಸ್‌ಪ್ರೋದಲ್ಲಿ ಮಾಡಿದ 32 ಬಿಟ್ ಪ್ರೋಗ್ರಾಮಿನ ಕೆಲಸ ಪ್ರಿಸಮ್‌ನದು. ಅದು ಮಧ್ಯೆ ಮಧ್ಯೆ ನಿಂತರೆ ಐಕಾನಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ ಎಮ್ಯುಲೇಶನ್ ಸೆಟ್ಟಿಂಗ್ ಇದೆ; ಅದನ್ನು ಸೇಫ್‌ಗೆ, ಆಮೇಲೆ ಸ್ಟ್ರಿಕ್ಟ್‌ಗೆ ಬದಲಿಸಿ ನೋಡಿ. ವೇಗ ಕಡಿಮೆಯಾಗುತ್ತದೆ, ಆದರೆ ಚೆಕ್‌ರೋಲಿಗೆ ವೇಗಕ್ಕಿಂತ ನಿಲ್ಲದೆ ಓಡುವುದು ಮುಖ್ಯ.

ಇಷ್ಟೆಲ್ಲ ತೊಡಕಿದ್ದೂ ಈ ಯಂತ್ರ ಏಕೆ ಬೇಕು ಎಂದರೆ, ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಾರ್ಜರಿಗೆ ಹಾಕದೆಯೇ ಒಂದು ಕೆಲಸದ ದಿನ ದಾಟಿಸುತ್ತದೆ, ಮುಚ್ಚಿಟ್ಟರೆ ರಾತ್ರಿಯಿಡೀ ಬ್ಯಾಟರಿ ಅಷ್ಟಾಗಿ ಇಳಿಯುವುದಿಲ್ಲ, ಬ್ಯಾಟರಿಯಲ್ಲಿ ಓಡುವಾಗ ವೇಗ ಅಷ್ಟಾಗಿ ಕುಗ್ಗುವುದಿಲ್ಲ. ಯುಎಸ್‌ಬಿ ಸಿ ಮೂಲಕ ಚಾರ್ಜ್ ಆಗುವ ಮಾದರಿ ಆರಿಸಿದರೆ ಪಿಡಿ (ಪವರ್ ಡೆಲಿವರಿ) ಪವರ್‌ಬ್ಯಾಂಕಿನಿಂದಲೂ ತುಂಬಿಸಿಕೊಳ್ಳಬಹುದು. ಜೊತೆಗೆ ವೈಫೈ ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟರೆ, ಫೈಬರ್ ಜೀವಂತ ಇರುವಷ್ಟು ಹೊತ್ತೂ ಬುಕಿಂಗ್ ಮತ್ತು ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಸಲ್ಲಿಸಬೇಕಾದ ವಿವರದ ಕೆಲಸ ನಡೆಯುತ್ತವೆ. ಹೋಂಸ್ಟೇ ಕೆಲಸ ಬಹುಪಾಲು ಬ್ರೌಸರಿನಲ್ಲಿ, ಪ್ರಮುಖ ಬ್ರೌಸರ್‌ಗಳೆಲ್ಲ ಆರ್ಮ್64 ಆವೃತ್ತಿಯಲ್ಲಿವೆ. ಆಫೀಸ್ ಕೂಡ ಆರ್ಮ್‌ಗೆಂದೇ ಇದೆ. ತರ್ಜುಮೆಯಲ್ಲಿ ಓಡುವ ಪ್ರೋಗ್ರಾಮು ಬ್ಯಾಟರಿಯನ್ನು ಹೆಚ್ಚು ತಿನ್ನುತ್ತದೆ. ಯಾವುದು ಹಾಗೆ ಓಡುತ್ತಿದೆ ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್ ಪುಟದಲ್ಲಿ ಆರ್ಕಿಟೆಕ್ಚರ್ ಎಂಬ ಕಾಲಂ ಸೇರಿಸಿ ನೋಡಿ.

ಮ್ಯಾಕ್ ಕೊಂಡರೆ ಹೇಗೆ ಎಂದು ಕೇಳುವವರಿಗೆ ಒಂದೇ ಮಾತು: ಟ್ಯಾಲಿ ಬೇಕಿದ್ದರೆ ಬೇಡ. ಎಂ ಸರಣಿಯ ಮ್ಯಾಕ್‌ಗಳೂ ಆರ್ಮ್ ಯಂತ್ರಗಳೇ, ಅದರೊಳಗೆ ಪ್ಯಾರಲಲ್ಸ್ ಹಾಕಿ ಓಡಿಸುವುದೂ ಆರ್ಮ್ ವಿಂಡೋಸೇ. ಮೇಲೆ ಹೇಳಿದ ಡ್ರೈವರ್ ತೊಂದರೆಗಳೆಲ್ಲ ಅಲ್ಲೂ ಇವೆ.

ಕೊನೆಗೆ, ರಿಪೇರಿ. ವಿಂಡೋಸ್ ಕೆಟ್ಟರೆ ಊರಿನ ಅಂಗಡಿಯವರು ಪೆನ್‌ಡ್ರೈವ್ ಚುಚ್ಚಿ ಹೊಸದಾಗಿ ಹಾಕಿಕೊಡುವ ರೂಢಿ ಇದೆಯಲ್ಲ, ಆ ಪೆನ್‌ಡ್ರೈವಿನಿಂದ ಈ ಯಂತ್ರ ಬೂಟ್ ಆಗುವುದಿಲ್ಲ. ಹಳೇ ಕಂಪ್ಯೂಟರಿನ ಎಸ್‌ಎಸ್‌ಡಿ ಬಿಚ್ಚಿ ಇದಕ್ಕೆ ಹಾಕಿದರೂ ಏಳುವುದಿಲ್ಲ. ಆರ್ಮ್64 ವಿಂಡೋಸ್ ಹಾಕಲು ಬೇಕಾದ ಐಎಸ್‌ಒ ಫೈಲನ್ನು ಮೈಕ್ರೋಸಾಫ್ಟ್ 2024ರ ನವೆಂಬರಿನಿಂದ ಕೊಡುತ್ತಿದೆ, ಆದರೆ ಅದನ್ನು ಹಾಕಿದ ಮೇಲೆ ಟಚ್‌ಪ್ಯಾಡ್, ವೈಫೈಗೆ ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್‌ಗಳು ಬೇಕಾಗಬಹುದು. ಆದ್ದರಿಂದ ಪೆಟ್ಟಿಗೆ ಬಿಚ್ಚಿದ ದಿನವೇ 32 ಜಿಬಿ ಪೆನ್‌ಡ್ರೈವ್ ಹಾಕಿ, ಸ್ಟಾರ್ಟ್ ಮೆನುವಿನಲ್ಲಿ ರಿಕವರಿ ಡ್ರೈವ್ ಎಂದು ಹುಡುಕಿ, ಸಿಸ್ಟಂ ಫೈಲುಗಳ ಪ್ರತಿಯೂ ಸೇರಲಿ ಎಂಬ ಚೌಕಕ್ಕೆ ಟಿಕ್ ಹಾಕಿ ತಯಾರಿಸಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆದರೆ ಡಿಸ್ಕ್ ತಾನಾಗಿ ಬಿಟ್‌ಲಾಕರ್ ಬೀಗ ಹಾಕಿಕೊಂಡಿರುತ್ತದೆ. ಅದರ 48 ಅಂಕಿಯ ರಿಕವರಿ ಕೀಲಿಯನ್ನು ಖಾತೆಯಿಂದ ಕಾಗದಕ್ಕೆ ಬರೆದುಕೊಂಡು, ಆ ಪೆನ್‌ಡ್ರೈವಿನ ಜೊತೆ ಅಲ್ಲ, ಬೇರೆ ಕಡೆ ಇಡಿ.